ಪಾಠ ಹೇಳಿದ ಬ್ಯಾರಿಸ್ಟರ್

ಡಾ. ಬಾಬಾಸಾಹೇಬ ಅಂಬೇಡ್ಕರರೆಂದ ಕೂಡಲೇ ನಮ್ಮ ವಿದ್ಯಾರ್ಥಿಗಳ ಕಣ್ಣ ಮುಂದೆ ಬರುವುದು ಸಂವಿಧಾನದ ಗ್ರಂಥ ಹಿಡಿದ ಮೂರ್ತಿ. ಅವರು ಹಲವು ವರ್ಷ ವರ್ಗದಲ್ಲಿ ನಿಂತು ಪಾಠ ಹೇಳಿದವರೂ ಹೌದು. ಶಿಕ್ಷಕರಾದ ನಮಗೆ ಇದನ್ನು ಹೇಳುವಾಗ ತುಸು ಅಭಿಮಾನವೆನಿಸಿದರೆ ಪಾಲಕರು ಮನ್ನಿಸಬೇಕು.

1891ರ ಏಪ್ರಿಲ್ 14ರಂದು ಮಹೂದಲ್ಲಿ ಹುಟ್ಟಿದ ಭೀಮರಾವ್ ಸಾತಾರೆಯ ಶಾಲೆಯಲ್ಲಿ ಉಳಿದ ಹುಡುಗರಿಂದ ದೂರ, ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಕೂಡಬೇಕಾಗಿತ್ತು. ನೀರಡಿಸಿದರೆ ಜವಾನನೇ ಬಂದು ಮೇಲಿನಿಂದ ನೀರು ಹೊಯ್ಯಬೇಕು. ಜವಾನ ಬಾರದ ದಿನ ನೀರಿಲ್ಲ. ಆ ಹುಡುಗನೇ ಮುಂದೆ ಬಡೋದೆಯ ಮಹಾರಾಜರ ನೆರವಿನಿಂದ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೂ ಅಲ್ಲಿಂದ ಲಂಡನ್ನಿಗೂ ಹೋಗಿ ಓದಿದನು.

1918ರಲ್ಲಿ ಅವರು ಮುಂಬಯಿಯ ಸಿಡೆನ್‌ಹ್ಯಾಮ್ ವಾಣಿಜ್ಯ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಅವರ ಪಾಠ ಕೇಳಲು ಬೇರೆ ಕಾಲೇಜಿನ ಹುಡುಗರೂ ಬರತೊಡಗಿದರು. ಆದರೆ ಪ್ರಾಧ್ಯಾಪಕರ ಕೋಣೆಯ ನೀರಿನ ಪಾತ್ರೆಯನ್ನು ಅವರು ಮುಟ್ಟಬಾರದೆಂದು ಕೆಲವರು ತಕರಾರು ತೆಗೆದರು. ಸಾತಾರೆಯ ನೀರು ಮುಂಬಯಿಯಲ್ಲಿಯೂ ಬೆನ್ನು ಬಿಡಲಿಲ್ಲ.

1920ರ ಮಾರ್ಚಿನಲ್ಲಿ ಅವರು ಆ ನೌಕರಿ ಬಿಟ್ಟರು. ಅದೇ ತಿಂಗಳ 21 ಮತ್ತು 22ರಂದು ನಮ್ಮ ಇಚಲಕರಂಜಿಯ ಸಮೀಪದ ಮಾಣಗಾವಿನಲ್ಲಿ ಅಸ್ಪೃಶ್ಯರ ಪರಿಷತ್ತು ಅವರ ಅಧ್ಯಕ್ಷತೆಯಲ್ಲಿ ನಡೆಯಿತು. ಅಧ್ಯಕ್ಷರ ವಯಸ್ಸು ಇನ್ನೂ 29 ತುಂಬಿರಲಿಲ್ಲ. ಕೊಲ್ಹಾಪುರದ ಛತ್ರಪತಿ ಶಾಹೂ ಮಹಾರಾಜರು ತಾವಾಗಿ ಅಲ್ಲಿಗೆ ಬಂದು, ನೆರೆದ ಜನರಿಗೆ ಇನ್ನು ಇವರೇ ನಿಮ್ಮ ಮುಂದಾಳು ಎಂಬರ್ಥದಲ್ಲಿ ಮಾತನಾಡಿದರು. ಅಂಬೇಡ್ಕರರ ‘ಮೂಕನಾಯಕ’ ಪತ್ರಿಕೆಗೆ 2,500 ರೂಪಾಯಿ ಕೊಟ್ಟವರೂ ಇದೇ ಮಹಾರಾಜರು. ಮಾಣಗಾವಿಗೆ ನಮ್ಮ ಎಷ್ಟು ಮಕ್ಕಳು ಹೋಗಿದ್ದಾರೆ, ಕೇಳಿ ನೋಡಬೇಕು.

ಮತ್ತೆ ಲಂಡನ್ನಿಗೆ ಹೋಗಿ ಬ್ಯಾರಿಸ್ಟರ್ ಪದವಿ ಪಡೆದು 1923ರಲ್ಲಿ ಮರಳಿದರೂ ಅಸ್ಪೃಶ್ಯ ವಕೀಲರಿಗೆ ಕಕ್ಷಿದಾರರು ಸುಲಭವಾಗಿ ಸಿಗಲಿಲ್ಲ. ಸಂಸಾರ ಸಾಗಬೇಕಲ್ಲ! 1925ರಿಂದ 1928ರವರೆಗೆ ಮುಂಬಯಿಯ ಬಾಟ್ಲಿಬಾಯ್ ಲೆಕ್ಕಶಾಸ್ತ್ರ ಸಂಸ್ಥೆಯಲ್ಲಿ ವ್ಯಾಪಾರಿ ಕಾನೂನು ಕಲಿಸಿದರು. ಕರಾರು ಮುರಿದರೆ ಪರಿಹಾರವೇನು, ಪಾಲುಗಾರಿಕೆಯಲ್ಲಿ ಸಾಲ ಯಾರ ತಲೆಯ ಮೇಲೆ, ಯಾರು ಯಾರಿಗೆ ಲೆಕ್ಕ ತೋರಿಸಬೇಕು, ಇಂಥವು ಆ ಕಾನೂನಿನ ವಿಷಯಗಳು. ಇಚಲಕರಂಜಿಯ ಮಗ್ಗದವರಿಗೂ ಗಡಹಿಂಗ್ಲಜ ಪೇಟೆಯ ಮೆಣಸಿನಕಾಯಿ ವ್ಯಾಪಾರಿಗಳಿಗೂ ಇದರ ಬೆಲೆಯನ್ನು ನಾವು ಹೇಳಿಕೊಡಬೇಕಾಗಿಲ್ಲ.

1928ರಲ್ಲಿ ಅವರು ಮುಂಬಯಿಯ ಸರಕಾರಿ ಕಾನೂನು ಕಾಲೇಜಿಗೆ ಬಂದರು. 1935ರ ಮೇ 27ರಂದು ಪತ್ನಿ ರಮಾಬಾಯಿ ತೀರಿಕೊಂಡರು. ಆ ದುಃಖ ಆರುವ ಮೊದಲೇ, ಜೂನ್ ತಿಂಗಳಲ್ಲಿ, ಅದೇ ಕಾಲೇಜಿನ ಪ್ರಾಚಾರ್ಯರಾಗಿ ಅಧಿಕಾರ ವಹಿಸಿಕೊಂಡು 1938ರವರೆಗೆ ಆ ಕೆಲಸ ಮಾಡಿದರು. ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಕೂತ ಹುಡುಗನ ಕುರ್ಚಿ ಈಗ ಪ್ರಾಚಾರ್ಯರ ಕೋಣೆಯಲ್ಲಿತ್ತು.

ಸಂವಿಧಾನದ ಕರಡು ಸಮಿತಿಯ ಕಥೆಯನ್ನು ಪಠ್ಯಪುಸ್ತಕವೇ ಹೇಳುತ್ತದೆ. ಅವರ ಪೀಪಲ್ಸ್ ಎಜ್ಯುಕೇಶನ್ ಸೊಸಾಯಿಟಿಯು 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆಯಿತು. 1953ರಲ್ಲಿ ವಾಣಿಜ್ಯದ ಕಾಲೇಜು, 1956ರಲ್ಲಿ ಕಾನೂನಿನ ಕಾಲೇಜು ಬಂದವು. ತಾವು ಹೊಟ್ಟೆಪಾಡಿಗೆ ಕಲಿಸಿದ ವಿಷಯಗಳಿಗೆ ಹೀಗೆ ಮನೆ ಕಟ್ಟಿಕೊಟ್ಟ ಅಂಬೇಡ್ಕರರು ಅದೇ 1956ರ ಡಿಸೆಂಬರ್ 6ರಂದು ದಿಲ್ಲಿಯಲ್ಲಿ ನಿಧನರಾದರು.