ಮಂಗಳೂರಿನಿಂದ ಹೇಗ್‌ವರೆಗೆ: ಬಿ.ಎನ್. ರಾವ್

ನಮ್ಮ ಜಕ್ಕಲಿಯಲ್ಲಿ ಯಾರನ್ನ ಕೇಳಿದ್ರೂ ಅಂದಾನಪ್ಪ ದೊಡ್ಡಮೇಟಿಯವರ ಹೆಸರು ಹೇಳ್ತಾರೆ. ಏಕೀಕರಣಕ್ಕೆ ಹೋರಾಡಿದವರು. ಅದೇ ಕಾಲದ ಬೆನಗಲ್ ನರಸಿಂಗ ರಾವ್ ಹೆಸರು ನಾನು ನೋಡಿದ್ದು ಸಂವಿಧಾನದ ಪೇಪರ್‌ಗೆ ಓದುವಾಗ, ಅದೂ ಒಂದೇ ಸಾಲು.

ಹುಟ್ಟಿದ್ದು ಮಂಗಳೂರಲ್ಲಿ, 1887ರಲ್ಲಿ. ಕೆನರಾ ಹೈಸ್ಕೂಲು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಆಮೇಲೆ ಕೇಂಬ್ರಿಜ್. ಐಸಿಎಸ್ ಪಾಸಾಗಿ ಬಂಗಾಳಕ್ಕೆ ಹೋದರು, ಮುಂದೆ ಕಲ್ಕತ್ತಾ ಹೈಕೋರ್ಟಿನ ಜಡ್ಜ್ ಆದರು. ತಮ್ಮ ರಾಮರಾವ್ ರಿಸರ್ವ್ ಬ್ಯಾಂಕಿನ ಗವರ್ನರ್. ಎಂಥ ಮನೆ ಇರಬೇಕು!

1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾದರು. ಸಂಬಳ ತಗೊಳ್ಳಲಿಲ್ಲ. ಅಂಬೇಡ್ಕರ್ ಅವರ ಕರಡು ಸಮಿತಿ ಕೆಲಸ ಶುರು ಮಾಡಿದ್ದೇ ರಾವ್ ಬರೆದ 243 ವಿಧಿ, 13 ಅನುಸೂಚಿಗಳ ಕರಡಿನಿಂದ.

ಒಂದು ವಿಷಯದಲ್ಲಿ ಮಾತ್ರ ನನಗೆ ಅವರ ಜೊತೆ ಜಗಳ ಇದೆ. ಒಬ್ಬನ ಜೀವ, ಸ್ವಾತಂತ್ರ್ಯ ಕಿತ್ಕೊಳ್ಳಬೇಕಾದ್ರೆ 'ಡ್ಯೂ ಪ್ರೋಸೆಸ್' ಬೇಕು ಅಂತ ಮೊದಲು ಇತ್ತು. ಅಂದ್ರೆ ಕಾನೂನು ನ್ಯಾಯವಾಗಿದೆಯಾ ಅಂತಾನೂ ಕೋರ್ಟು ನೋಡಬಹುದು. 1947ರಲ್ಲಿ ಅಮೆರಿಕಕ್ಕೆ ಹೋದಾಗ ಅಲ್ಲಿನ ಸುಪ್ರೀಂ ಕೋರ್ಟ್ ಜಡ್ಜ್ ಫ್ರಾಂಕ್‌ಫರ್ಟರ್ ಇದು ಬೇಡ ಅಂದ್ರು. ಇದೇ ಪದ ಹಿಡಿದು ಅಲ್ಲಿನ ಕೋರ್ಟುಗಳು ಕಾರ್ಮಿಕರ ಪರ ಕಾನೂನುಗಳನ್ನೇ ಹೊಡೆದುಹಾಕಿದ್ದವು. ರಾವ್ ಅವರಿಗೂ ಸರಿ ಅನ್ನಿಸಿತು. ಕೊನೆಗೆ 21ನೇ ವಿಧಿಯಲ್ಲಿ ಉಳಿದದ್ದು ಕಾನೂನು ಹೇಳಿದ ಕ್ರಮ, ಅಷ್ಟೇ.

ಇದರ ಪೆಟ್ಟು ಬಿದ್ದಿದ್ದು 1950ರಲ್ಲೇ. ವಿಚಾರಣೆ ಇಲ್ಲದೆ ಜೈಲಲ್ಲಿದ್ದ ಎ.ಕೆ. ಗೋಪಾಲನ್ ಕೇಸಲ್ಲಿ, ಸಂಸತ್ತು ಮಾಡಿದ ಕಾನೂನು ಇದ್ರೆ ಸಾಕು ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ಕ್ರಮ ನ್ಯಾಯವಾಗಿಯೂ ಇರಬೇಕು ಅಂತ ಆಗೋಕೆ 1978ರ ಮೇನಕಾ ಗಾಂಧಿ ಕೇಸು ಬರಬೇಕಾಯ್ತು. ರಾವ್ ಅವರ ಭಯ ಸುಳ್ಳಲ್ಲ, ಜಮೀನ್ದಾರಿ ರದ್ದು ಮಾಡೋ ಕಾಲ ಅದು. ಆದ್ರೂ ಜೈಲಲ್ಲಿ ಕೂತವನ ಲೆಕ್ಕ ಬೇರೆ ಅಲ್ವಾ?

ಆಮೇಲೆ ವಿಶ್ವಸಂಸ್ಥೆ. ಕೊರಿಯಾ ಯುದ್ಧ ಶುರುವಾದ 1950ರ ಜೂನ್‌ನಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷರ ಕುರ್ಚಿಯಲ್ಲಿ ಇದ್ದವರು ಇವರೇ. 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಜಡ್ಜ್ ಆದರು. ಅಲ್ಲಿ ನಾನು ನೀವು ಕೇಸು ಹಾಕೋಕೆ ಆಗಲ್ಲ, ದೇಶದ ಮೇಲೆ ದೇಶವೇ ಹಾಕಬೇಕು. ಒಂಬತ್ತು ವರ್ಷದ ಅವಧಿ. ಎರಡು ವರ್ಷ ತುಂಬೋ ಮುಂಚೆಯೇ, 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡರು.

ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಪಾಲು ಇರಬೇಕು ಅಂತ 1940ರ ದಶಕದಲ್ಲಿ ಹೇಳಿದ ಹಿಂದೂ ಕಾನೂನು ಸಮಿತಿಗೂ ಅವರೇ ಅಧ್ಯಕ್ಷರಾಗಿದ್ದರು. ಹಿಂದೂ ಉತ್ತರಾಧಿಕಾರ ಕಾಯ್ದೆ ಪಾಸಾಗಿದ್ದು 1956ರಲ್ಲಿ. ಅದನ್ನು ನೋಡೋಕೆ ಅವರು ಇರಲಿಲ್ಲ.