ಭೀಮರಾವ್ ಓದಿದ ಶಾಲೆಗಳು, ಓದಿಸಿದ ಮನೆಯವರು

ಡಾ. ಬಿ. ಆರ್. ಅಂಬೇಡ್ಕರ್ ಅವರು ನಮ್ಮ ದೇಶದ ಸಂವಿಧಾನದ ಶಿಲ್ಪಿ ಎಂದು ಎಲ್ಲರಿಗೂ ಗೊತ್ತು. ಅವರ ಫೋಟೋ ನಮ್ಮ ಆಫೀಸ್ ರೂಮಿನಲ್ಲೂ ಇದೆ. ಆದರೆ ಅವರು ನಮ್ಮ ವಯಸ್ಸಿನಲ್ಲಿದ್ದಾಗ ಒಂದು ಶಾಲೆಯಿಂದ ಇನ್ನೊಂದು ಶಾಲೆಗೆ ಹೇಗೆ ಹೋದರು, ಯಾರು ಕಳಿಸಿದರು ಎಂಬುದನ್ನು ಜಾಸ್ತಿ ಯಾರೂ ಬರೆಯುವುದಿಲ್ಲ. ಬರುವ ಜೂನ್‌ಗೆ ನಮ್ಮ ಏಳನೇ ಕ್ಲಾಸಿನವರೆಲ್ಲ ಈ ಶಾಲೆ ಬಿಟ್ಟು ಹೈಸ್ಕೂಲಿಗೆ ಹೋಗಬೇಕು. ಕೆಲವರ ಮನೆಯಲ್ಲಿ ಕಳಿಸುವುದೋ ಬೇಡವೋ ಅಂತ ಇನ್ನೂ ಮಾತು ನಡೀತಾ ಇದೆ. ಅದಕ್ಕೇ ನಾನು ಈ ಭಾಗವನ್ನು ಆರಿಸಿಕೊಂಡೆ.

ಭೀಮರಾವ್ 1891ನೇ ಇಸವಿ ಏಪ್ರಿಲ್ 14ರಂದು ಮಹೂ ಎಂಬ ದಂಡಿನ ಊರಿನಲ್ಲಿ ಜನಿಸಿದರು. ಅದು ಈಗ ಮಧ್ಯಪ್ರದೇಶದಲ್ಲಿದೆ. ತಂದೆ ರಾಮ್‌ಜಿ, ತಾಯಿ ಭೀಮಾಬಾಯಿ. ಇವರು ಮಹಾರ್ ಜಾತಿಯವರು. ಆ ಕಾಲದಲ್ಲಿ ಈ ಜಾತಿಯವರನ್ನು ಮುಟ್ಟಬಾರದು ಎನ್ನುತ್ತಿದ್ದರು. ರಾಮ್‌ಜಿಯವರು ಸೈನ್ಯದಲ್ಲಿ ಸುಬೇದಾರರು, ಸೈನ್ಯದ ಶಾಲೆಯಲ್ಲಿ ಹೆಡ್‌ಮಾಸ್ತರರೂ ಆಗಿದ್ದರು. ನಿವೃತ್ತಿಯಾದ ಮೇಲೆ ಸಂಸಾರ ದಾಪೋಲಿಗೆ ಹೋಯಿತು, ಅಲ್ಲಿಂದ ಸಾತಾರಾಕ್ಕೆ ಬಂತು. ಸಾತಾರಾದಲ್ಲಿ ಭೀಮನ ತಾಯಿ ತೀರಿಕೊಂಡರು. ಆಗ ಭೀಮ ಇನ್ನೂ ಸಣ್ಣ ಹುಡುಗ. ಸೋದರತ್ತೆ ಮೀರಾಬಾಯಿ ಅವನನ್ನು ಸಾಕಿದರು. ಅವರಿಗೆ ಬೆನ್ನು ಗೂನಾಗಿತ್ತು, ಆದರೂ ಮನೆ ಕೆಲಸವನ್ನೆಲ್ಲ ಅವರೇ ನೋಡಿಕೊಂಡರು.

1900ನೇ ಇಸವಿ ನವೆಂಬರ್ 7ರಂದು ಭೀಮನನ್ನು ಸಾತಾರಾದ ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಒಂದನೇ ತರಗತಿಗೆ ಸೇರಿಸಿದರು. ಹೊಸ ಶಾಲೆಯಲ್ಲಿ ಅವನಿಗೆ ಸಿಕ್ಕ ಜಾಗ ಒಂದು ಮೂಲೆ. ಕೂರಲು ಮನೆಯಿಂದ ಗೋಣಿಚೀಲ ತರಬೇಕು, ಸಂಜೆ ಅದನ್ನು ವಾಪಸು ಮನೆಗೇ ಒಯ್ಯಬೇಕು. ಯಾಕೆಂದರೆ ಕ್ಲಾಸು ಗುಡಿಸುವವನೂ ಆ ಗೋಣಿಯನ್ನು ಮುಟ್ಟುತ್ತಿರಲಿಲ್ಲ. ಬಾಯಾರಿದರೆ ತಾನೇ ನಲ್ಲಿ ತಿರುಗಿಸುವ ಹಾಗಿಲ್ಲ, ಜವಾನ ಬಂದು ತಿರುಗಿಸಬೇಕು. ಜವಾನ ಇಲ್ಲದ ದಿನ ನೀರೂ ಇಲ್ಲ. ಇಂಥ ಶಾಲೆಗೆ ದಿನಾ ಯಾಕಾದರೂ ಹೋಗಬೇಕು ಅಂತ ಯಾವ ಹುಡುಗನಿಗಾದರೂ ಅನ್ನಿಸುತ್ತದೆ.

ಭೀಮನೂ ಆಗ ಸರಿಯಾಗಿ ಓದುತ್ತಿರಲಿಲ್ಲ. ಈ ವಿಷಯ ಓದಿದಾಗ ನನಗೆ ಆಶ್ಚರ್ಯವಾಯಿತು. ಅಪ್ಪ ಎರಡನೇ ಮದುವೆ ಮಾಡಿಕೊಂಡದ್ದು ಅವನಿಗೆ ಸೇರಲಿಲ್ಲ. ಸಾತಾರಾದ ಹುಡುಗರು ಬೊಂಬಾಯಿಯ ಮಿಲ್ಲುಗಳಲ್ಲಿ ಕೆಲಸಕ್ಕೆ ಸೇರಿದ್ದಾರೆ ಎಂದು ಕೇಳಿದ್ದ. ತಾನೂ ಓಡಿಹೋಗಿ ಮಿಲ್ಲು ಸೇರಬೇಕು ಅಂತ ನಿಶ್ಚಯ ಮಾಡಿದ. ಆದರೆ ರೈಲಿಗೆ ದುಡ್ಡು ಬೇಕಲ್ಲ! ಪಕ್ಕದಲ್ಲೇ ಮಲಗುತ್ತಿದ್ದ ಅತ್ತೆಯ ಸೊಂಟದಲ್ಲಿ ಒಂದು ದುಡ್ಡಿನ ಚೀಲ ಇರುತ್ತಿತ್ತು. ಅದನ್ನು ಕದಿಯಲು ಮೂರು ರಾತ್ರಿ ಪ್ರಯತ್ನಪಟ್ಟ, ಆಗಲಿಲ್ಲ. ನಾಲ್ಕನೇ ರಾತ್ರಿ ಚೀಲ ಸಿಕ್ಕಿತು. ಬಿಚ್ಚಿ ನೋಡಿದರೆ ಅದರಲ್ಲಿ ಇದ್ದದ್ದು ಅರ್ಧ ಆಣೆ! ಆಗ ಒಂದು ರೂಪಾಯಿಗೆ 16 ಆಣೆ. ಅರ್ಧ ಆಣೆಯಲ್ಲಿ ಬೊಂಬಾಯಿಗೆ ಹೋಗುವುದು ಎಲ್ಲಿಂದ ಬಂತು? ಇಷ್ಟು ಬಡ ಅತ್ತೆಯ ಚೀಲಕ್ಕೆ ಕೈ ಹಾಕಿದೆನಲ್ಲಾ ಎಂದು ಅವನಿಗೆ ನಾಚಿಕೆ ಆಗಿರಬೇಕು ಅಂತ ನಾನು ತಿಳಿದಿದ್ದೇನೆ. ಅವತ್ತಿನಿಂದ ಪೋಲಿತನ ಬಿಟ್ಟು ಚೆನ್ನಾಗಿ ಓದಿ, ಬೇಗ ಸ್ವಂತ ಕಾಲ ಮೇಲೆ ನಿಲ್ಲಬೇಕೆಂದು ತೀರ್ಮಾನಿಸಿದ. ಆ ಚೀಲದಲ್ಲಿ ಐದು ರೂಪಾಯಿ ಇದ್ದಿದ್ದರೆ ಏನಾಗುತ್ತಿತ್ತೋ!

ಮುಂದೆ ಸಂಸಾರ ಬೊಂಬಾಯಿಗೇ ಬಂತು. ಪರೇಲ್ ಎಂಬಲ್ಲಿ ಕೂಲಿಕಾರರು ಇರುವ ಚಾಳಿನಲ್ಲಿ ಒಂದೇ ಕೋಣೆ. ಅಡಿಗೆ, ಹೊಗೆ, ಸಾಮಾನು, ಜನ ಎಲ್ಲ ಅದರಲ್ಲೇ. ಭೀಮ ಎಲ್ಫಿನ್‌ಸ್ಟನ್ ಹೈಸ್ಕೂಲು ಸೇರಿದ. ಮನೆಯಲ್ಲಿ ಓದಲು ಜಾಗವೇ ಇಲ್ಲ. ಅದಕ್ಕೆ ರಾಮ್‌ಜಿಯವರು ಒಂದು ಉಪಾಯ ಮಾಡಿದರು. ಮಗನನ್ನು ಬೇಗ ಮಲಗಿಸುವುದು, ತಾವು ರಾತ್ರಿ 2 ಗಂಟೆವರೆಗೆ ಎದ್ದಿರುವುದು. 2 ಗಂಟೆಗೆ ಮಗನನ್ನು ಎಬ್ಬಿಸಿ ತಾವು ಮಲಗುವುದು. ಭೀಮ ಚಿಮಣಿ ದೀಪದಲ್ಲಿ ಬೆಳಗಿನವರೆಗೆ ಓದುತ್ತಿದ್ದ. ಅಲಾರಂ ಗಡಿಯಾರದ ಕೆಲಸವನ್ನು ಅಪ್ಪನೇ ಮಾಡಿದರು.

ರಾಮ್‌ಜಿಯವರಿಗೆ ಬರುತ್ತಿದ್ದ ಪೆನ್ಷನ್ ತಿಂಗಳಿಗೆ 50 ರೂಪಾಯಿ. ಭೀಮನಿಗೆ ಪಠ್ಯದ ಪುಸ್ತಕ ಬಿಟ್ಟು ಬೇರೆ ಪುಸ್ತಕದ ಹುಚ್ಚು. ಕೇಳಿದ ಪುಸ್ತಕಕ್ಕೆ ದುಡ್ಡಿಲ್ಲದಿದ್ದರೆ ರಾಮ್‌ಜಿಯವರು ಮದುವೆಯಾದ ಮಗಳ ಮನೆಗೆ ಹೋಗಿ ಸಾಲ ಕೇಳುತ್ತಿದ್ದರು. ಅವಳ ಹತ್ತಿರವೂ ದುಡ್ಡಿಲ್ಲ ಅಂದರೆ ಒಡವೆ ಇಸಕೊಂಡು ಮಾರವಾಡಿ ಹತ್ತಿರ ಗಿರವಿ ಇಡುತ್ತಿದ್ದರು. ಪೆನ್ಷನ್ ಬಂದಾಗ ಬಿಡಿಸಿ ಕೊಡುತ್ತಿದ್ದರು. ಅಣ್ಣ ಆನಂದರಾವ್ ಓದು ನಿಲ್ಲಿಸಿ ರೈಲ್ವೆ ಕಾರ್ಖಾನೆ ಕೆಲಸಕ್ಕೆ ಸೇರಿದರು, ಇಬ್ಬರನ್ನು ಓದಿಸುವ ಶಕ್ತಿ ಮನೆಗೆ ಇರಲಿಲ್ಲ. ಅಪ್ಪನ ಹೆಸರು ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಈ ಅಣ್ಣ ಮತ್ತು ಆ ಅಕ್ಕಂದಿರ ಹೆಸರೂ ಹೇಳಬೇಕು. ಅಕ್ಕಂದಿರು ಮಂಜುಳಾ ಮತ್ತು ತುಳಸಿ.

ಎಲ್ಫಿನ್‌ಸ್ಟನ್ ದೊಡ್ಡ ಶಾಲೆ. ಅಲ್ಲಿಯೂ ಕಷ್ಟ ತಪ್ಪಲಿಲ್ಲ. ಒಂದು ದಿನ ಮಾಸ್ತರರು ಲೆಕ್ಕ ಮಾಡಲು ಭೀಮನನ್ನು ಬೋರ್ಡಿಗೆ ಕರೆದರು. ಬೋರ್ಡಿನ ಹಿಂದೆ ಹುಡುಗರ ಊಟದ ಡಬ್ಬಿಗಳಿದ್ದವು. ಇವನು ಬೋರ್ಡು ಮುಟ್ಟುವ ಮೊದಲು ಹುಡುಗರೆಲ್ಲ ಓಡಿಹೋಗಿ ಡಬ್ಬಿಗಳನ್ನು ಎತ್ತಿ ಆಚೆ ಹಾಕಿದರು. ಸಂಸ್ಕೃತ ಕಲಿಯುವ ಆಸೆ ಇತ್ತು, ಅದಕ್ಕೂ ಬಿಡಲಿಲ್ಲ. ಪರ್ಷಿಯನ್ ಭಾಷೆ ತೆಗೆದುಕೊಳ್ಳಬೇಕಾಯಿತು.

ಸಂಜೆ ಹೊತ್ತು ಭೀಮ ಚರ್ನಿ ರೋಡಿನ ತೋಟದಲ್ಲಿ ಕುಳಿತು ಓದುತ್ತಿದ್ದ. ಅಲ್ಲಿಗೆ ಬರುತ್ತಿದ್ದ ಕೃಷ್ಣಾಜಿ ಅರ್ಜುನ್ ಕೇಳುಸ್ಕರ್ ಎಂಬ ಮೇಷ್ಟ್ರು ಇವನನ್ನು ಕಂಡು ಮಾತಾಡಿಸಿದರು. ಅವರು ಬೇರೆ ಶಾಲೆಯ ಮೇಷ್ಟ್ರು, ಆದರೂ ಇವನಿಗೆ ಪುಸ್ತಕ ಕೊಟ್ಟು ಓದಿಸಿದರು. 1907ರಲ್ಲಿ ಭೀಮರಾವ್ ಮೆಟ್ರಿಕ್ ಪಾಸಾದರು. 750ಕ್ಕೆ 282 ಅಂಕ. ಲೆಕ್ಕ ಹಾಕಿದರೆ ನೂರಕ್ಕೆ 38ರ ಹತ್ತಿರ ಬರುತ್ತದೆ. ಈಗಿನವರು ಇದನ್ನು ಕಡಿಮೆ ಎನ್ನಬಹುದು. ಆದರೆ ಅವರ ಜನ ಅವತ್ತು ಸಭೆ ಸೇರಿಸಿ ಸನ್ಮಾನ ಮಾಡಿದರು. ಕೇಳುಸ್ಕರ್ ಮೇಷ್ಟ್ರು ತಾವೇ ಬರೆದ ಬುದ್ಧನ ಚರಿತ್ರೆಯನ್ನು ಕಾಣಿಕೆಯಾಗಿ ಕೊಟ್ಟರು.

ಎಲ್ಫಿನ್‌ಸ್ಟನ್ ಕಾಲೇಜು ಸೇರಿ ಇಂಟರ್ ಮುಗಿಯುವ ಹೊತ್ತಿಗೆ ಮನೆಯಲ್ಲಿ ದುಡ್ಡು ಪೂರಾ ಮುಗಿದುಹೋಯಿತು. ಕೇಳುಸ್ಕರ್ ಮೇಷ್ಟ್ರೇ ಇವರನ್ನು ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ಹತ್ತಿರ ಕರೆದುಕೊಂಡು ಹೋದರು. ಮಹಾರಾಜರು ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಕೊಟ್ಟರು. 1912ರಲ್ಲಿ ಬಿ.ಎ. ಆಯಿತು. 1913ರ ಫೆಬ್ರವರಿ 2ರಂದು ರಾಮ್‌ಜಿಯವರು ತೀರಿಕೊಂಡರು. ಅದೇ ವರ್ಷ ಜುಲೈನಲ್ಲಿ ಮಗ ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಓದಲು ಹೋದರು. ರಾತ್ರಿ 2 ಗಂಟೆಗೆ ಎಬ್ಬಿಸಿದ ಅಪ್ಪ ಅದನ್ನು ನೋಡಲಿಲ್ಲ. ನನಗೆ ಇದೇ ತುಂಬಾ ಬೇಜಾರಾಗುವ ವಿಷಯ.

ಆಮೇಲಿನದು ಎಲ್ಲರಿಗೂ ಗೊತ್ತು. ಲಂಡನ್ನಿನಲ್ಲೂ ಓದಿ ಬ್ಯಾರಿಸ್ಟರ್ ಆದರು, ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು, 1956ರ ಡಿಸೆಂಬರ್ 6ರಂದು ದೆಹಲಿಯಲ್ಲಿ ನಿಧನರಾದರು. ಜಾಸ್ತಿ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಬರೆದು ಮುಗಿಸುತ್ತೇನೆ. ಹಳ್ಳಿಯಿಂದ ಹೈಸ್ಕೂಲಿಗೆ ಬರುವ ದಲಿತ ಮಕ್ಕಳಿಗೆ ಪೇಟೆಯಲ್ಲಿ ಯಾರೂ ಮನೆ ಕೊಡುತ್ತಿರಲಿಲ್ಲ. ಅದಕ್ಕೆ ಅಂಬೇಡ್ಕರ್ ಅವರು ಕಟ್ಟಿದ ಸಂಘ 1925ರ ಜನವರಿಯಲ್ಲಿ ಸೊಲ್ಲಾಪುರದಲ್ಲಿ ಒಂದು ಹಾಸ್ಟೆಲ್ ತೆರೆಯಿತು. ಇರುವುದು, ಊಟ, ಬಟ್ಟೆ, ಪುಸ್ತಕ ಎಲ್ಲ ಅಲ್ಲೇ. 1929ರಲ್ಲಿ ನಮ್ಮ ಧಾರವಾಡದಲ್ಲೂ ಅವರು ಮಕ್ಕಳಿಗೆ ಹಾಸ್ಟೆಲ್ ಮಾಡಿಸಿದರು. ಆಗ ಧಾರವಾಡ ಬೊಂಬಾಯಿ ಪ್ರಾಂತ್ಯದಲ್ಲಿತ್ತು.