ಡೌನ್ ಎಂದರೆ ‘ಕೆಳಗೆ’ ಎಂದಲ್ಲ: ಹೆಸರಿನ ಹಿಂದಿನ ವೈದ್ಯ ಮತ್ತು ಜಿಂಕ್ ಮಾತ್ರೆಯ ಕಥೆ

ಡೌನ್ ಸಿಂಡ್ರೋಮ್ ಅಂದರೆ ‘ಕೆಳಮಟ್ಟದ ಬುದ್ಧಿ’ ಎಂದು ಅರ್ಥ ಮಾಡಿಕೊಂಡವರು ಬಹಳ ಮಂದಿ ಇದ್ದಾರೆ. ನಿಜಕ್ಕೂ ಅದು ಒಬ್ಬ ವೈದ್ಯರ ಮನೆತನದ ಹೆಸರು.

ಜಾನ್ ಲ್ಯಾಂಗ್ಡನ್ ಡೌನ್ ಹುಟ್ಟಿದ್ದು 1828ರಲ್ಲಿ, ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಟಾರ್‌ಪಾಯಿಂಟ್‌ನಲ್ಲಿ. ಹುಡುಗನಾಗಿದ್ದಾಗ ಅಪ್ಪನ ಅಂಗಡಿಯಲ್ಲಿ ದುಡಿದು, ಆಮೇಲೆ ಔಷಧಶಾಸ್ತ್ರ ಕಲಿತು, ತಡವಾಗಿ ಲಂಡನ್ನಿನಲ್ಲಿ ಡಾಕ್ಟರಿಕೆ ಓದಿದರು. 1858ರಲ್ಲಿ ಬುದ್ಧಿಮಾಂದ್ಯರ ಅರ್ಲ್ಸ್‌ವುಡ್ ಆಶ್ರಯಧಾಮದ ಹೊಣೆ ಹೊತ್ತರು. ಅಂಥ ಕಡೆ ಹೋಗಲು ಆಗ ಯಾರಿಗೂ ಮನಸ್ಸಿರಲಿಲ್ಲ. ಇವರು ಹೊಡೆತ ಬಡಿತ ನಿಲ್ಲಿಸಿದರು, ಚೊಕ್ಕಟತನ ತಂದರು, ಮಕ್ಕಳಿಗೆ ಕೈಕೆಲಸ ಕಲಿಸಿದರು.

1866ರಲ್ಲಿ ಕೆಲವು ಮಕ್ಕಳಲ್ಲಿ ಒಂದೇ ಬಗೆಯ ಮುಖಲಕ್ಷಣ ಗಮನಿಸಿ ಪ್ರಬಂಧ ಬರೆದರು. ಗಮನಿಸಿದ್ದು ಸರಿ, ವಿವರಣೆ ತಪ್ಪು. ಮಂಗೋಲ್ ಜನಾಂಗಕ್ಕೆ ಹೋಲಿಸಿದರು, ಹೆತ್ತವರ ಕ್ಷಯರೋಗವನ್ನು ಕಾರಣ ಮಾಡಿದರು. (ನಮ್ಮಲ್ಲಿ ಗ್ರಹಣಕ್ಕೂ ತಾಯಿಗೂ ದೂರು ಹೊರಿಸುವ ಹಾಗೆ!) 1868ರಲ್ಲಿ ಪತ್ನಿ ಮೇರಿಯ ಜೊತೆ ನಾರ್ಮನ್ಸ್‌ಫೀಲ್ಡ್ ಎಂಬ ಸ್ವಂತ ಸಂಸ್ಥೆ ತೆರೆದರು. ಅಲ್ಲಿನವರಿಗಾಗಿ ನಾಟಕಶಾಲೆಯನ್ನೂ ಕಟ್ಟಿಸಿದರು. 1896ರಲ್ಲಿ ತೀರಿಕೊಂಡರು. ಒಂಬತ್ತು ವರ್ಷದ ನಂತರ ಹುಟ್ಟಿದ ಅವರ ಮೊಮ್ಮಗನಿಗೂ ಇದೇ ಸ್ಥಿತಿಯಿತ್ತು. ನಿಜವಾದ ಕಾರಣ ತಿಳಿದದ್ದು 1959ರಲ್ಲಿ: 21ನೇ ಕ್ರೋಮೋಸೋಮ್ ಎರಡರ ಬದಲು ಮೂರು.

ಈಗ ಫಾರ್ವರ್ಡ್ ವಿಷಯಕ್ಕೆ ಬರೋಣ. ‘ಜಿಂಕ್ ಕೊಟ್ಟರೆ ಡೌನ್ ಮಗುವಿನ ಥೈಮಸ್ ಸರಿಯಾಗಿ ರೋಗವೇ ಬರುವುದಿಲ್ಲ’ ಎಂಬ ಮಾತಿನಲ್ಲಿ ಒಂದು ಎಳೆ ಸತ್ಯವಿದೆ. ಥೈಮಸ್ ಎದೆಮೂಳೆಯ ಹಿಂದಿರುವ ಗ್ರಂಥಿ. ರೋಗದ ಜೊತೆ ಹೋರಾಡುವ ಟಿ ಕೋಶಗಳು ಪಳಗುವುದು ಅಲ್ಲಿ. ಹರೆಯದ ನಂತರ ಎಲ್ಲರಲ್ಲೂ ಅದು ಕುಗ್ಗುತ್ತ ಕೊಬ್ಬಾಗುತ್ತದೆ. ಮುಪ್ಪಿನಲ್ಲಿ ಸೋಂಕು ಬೇಗ ತಗುಲಲು ಅದೂ ಒಂದು ಕಾರಣ. ಡೌನ್ ಮಕ್ಕಳಲ್ಲಿ ಅದು ಎಳವೆಯಲ್ಲೇ ಚಿಕ್ಕದು. ಅದರ ಥೈಮುಲಿನ್ ಹಾರ್ಮೋನ್ ಕೆಲಸ ಮಾಡಲು ಜಿಂಕ್, ಅಂದರೆ ಸತು, ಬೇಕೇ ಬೇಕು. ಈ ಮಕ್ಕಳಲ್ಲಿ ಹಲವರ ರಕ್ತದಲ್ಲಿ ಸತು ಕಡಿಮೆ ಕಂಡುಬಂದಿದೆ. 1980ರ ದಶಕದಲ್ಲಿ ಇಟಲಿಯ ಸಂಶೋಧಕರು ಸತು ಕೊಟ್ಟಾಗ ಥೈಮುಲಿನ್ ಚುರುಕಾಯಿತು. ಆದರೆ ನಂತರದ ಹೋಲಿಕೆ ಪರೀಕ್ಷೆಗಳಲ್ಲಿ ಅಂಥ ದೊಡ್ಡ ಲಾಭ ಕಾಣಲಿಲ್ಲ. ಹೆಚ್ಚುವರಿ ಕ್ರೋಮೋಸೋಮನ್ನಂತೂ ಯಾವ ಮಾತ್ರೆಯೂ ತೆಗೆಯದು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಆಶಾ ಕಾರ್ಯಕರ್ತೆಯರು ಭೇದಿಯಾದ ಮಗುವಿಗೆ ಓಆರ್‌ಎಸ್ ಜೊತೆ ಸತುವಿನ ಮಾತ್ರೆ ಕೊಡುವುದನ್ನು ನೋಡಿ ‘ಹಾಗಿದ್ದರೆ ದಿನಾ ಕೊಡಬಹುದಲ್ಲ’ ಅನ್ನಿಸಬಹುದು. ಅದು 14 ದಿನದ ಲೆಕ್ಕ. ಆರು ತಿಂಗಳು ತುಂಬಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ, ಅದಕ್ಕಿಂತ ಎಳೆಯದಕ್ಕೆ 10. ತಿಂಗಳುಗಟ್ಟಲೆ ಹೆಚ್ಚು ನುಂಗಿದರೆ ಸತು ದೇಹಕ್ಕೆ ತಾಮ್ರ ಸೇರದಂತೆ ತಡೆಯುತ್ತದೆ, ರಕ್ತಹೀನತೆ ಬರುತ್ತದೆ, ಬಿಳಿ ರಕ್ತಕಣ ಇಳಿಯುತ್ತದೆ. ರೋಗನಿರೋಧಕ ಶಕ್ತಿಗೆಂದು ಕೊಟ್ಟದ್ದು ಅದನ್ನೇ ಕೆಡಿಸುತ್ತದೆ.

ಹಾಗಂತ ಸತು ಬೇಡವೆಂದಲ್ಲ. ರಾಗಿಯಲ್ಲಿ ಅದಿದೆ, ಆದರೆ ಫೈಟೇಟ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ರಾಗಿ, ಕಾಳುಗಳನ್ನು ಮೊಳಕೆ ಕಟ್ಟಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ಮೊಟ್ಟೆ, ಮಾಂಸದಲ್ಲಿನ ಸತು ಸುಲಭವಾಗಿ ಸೇರುತ್ತದೆ. ಡೌನ್ ಮಗುವಿಗೆ ಪದೇಪದೇ ನೆಗಡಿ, ಕಿವಿ ಸೋರುವಿಕೆ ಇದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ; ಹೃದಯ, ಥೈರಾಯ್ಡ್, ಕಿವಿ ಪರೀಕ್ಷೆಯಾಗಲಿ, ಲಸಿಕೆ ಒಂದೂ ತಪ್ಪದಿರಲಿ. ಸತು ಬೇಕೋ ಬೇಡವೋ ಎಂಬುದನ್ನು ಅವರೇ ಹೇಳುತ್ತಾರೆ.